ಪಕ್ಕದ ಹಾರ್ಪಿನವಳು

ಭಾನುವಾರ, ನವೆಂಬರ್ ೧೬

ರೀ,

ಹೀಗೆ ಕರೆಯುವುದು ಬಿಟ್ಟು ನಿಮ್ಮನ್ನು ಬೇರೆ ಹೇಗೆ ಕರೆಯಬೇಕೆಂದು ತೋಚಲಿಲ್ಲ. ‘ಪ್ರೀತಿಯ’ ಎಂದು ಬರೆಯಲು ಹೋದೆ, ಸಿಟ್ಟು ಬಂತು. ‘ಮಾನ್ಯರೇ’ ಎಂದು ಬರೆಯಲು ಹೋದೆ, ನಗು ಬಂತು. ಇಷ್ಟು ವರ್ಷ ಅಡುಗೆಮನೆಯಿಂದ ಕೂಗಿದ ಹಾಗೆಯೇ ಈಗಲೂ ಕೂಗಿದ್ದೇನೆ. ಆಗಲೂ ನೀವು ಮೊದಲನೇ ಕೂಗಿಗೆ ಓಗೊಟ್ಟವರಲ್ಲ, ಹಾಗಾಗಿ ಹೊಸದೇನೂ ಇಲ್ಲ.

ನಿಮ್ಮ ಕಾಗದ ತಲುಪಿತು. ಮೊದಲನೇ ಸಾಲಿನಲ್ಲಿ ಸಮ್ಮೇಳನದ ತಾರೀಕು, ಎರಡನೆಯದರಲ್ಲಿ ಸಭಾಂಗಣದ ವಿಳಾಸ, ಕಟ್ಟಕಡೆಗೆ ಜಾಗ ಉಳಿದಿದೆಯಲ್ಲ ಎಂಬಂತೆ ‘ನೀನು ಆರಾಮವೇ?’ ಆರಾಮವಾಗಿದ್ದೇನೆ. ತಂಗಿಯ ಮನೆಯ ಹಿಂದಿನ ಕೋಣೆಯಲ್ಲಿ ಇಸ್ತ್ರಿ ಮೇಜಿನ ಪಕ್ಕ ನನ್ನ ಮಂಚ. ಅವಳ ಗಂಡ ಒಂದು ಮಾತೂ ಕೇಳದೆ ಊಟದ ಮೇಜಿಗೆ ಇನ್ನೊಂದು ಕುರ್ಚಿ ತಂದು ಹಾಕಿದರು. ಮೇಜಿನ ಮುಂದೆ ಕೂತು ಊಟ ಮಾಡಿ ಎಷ್ಟು ಕಾಲವಾಗಿತ್ತೆಂದರೆ, ಮೊದಲ ದಿನ ಮರೆತು ತಟ್ಟೆಯನ್ನು ತೊಡೆಯ ಮೇಲೆ ಇಟ್ಟುಕೊಂಡುಬಿಟ್ಟೆ. ತಂಗಿ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು.

ನೀವು ಬರೆದದ್ದನ್ನು ನಿಮಗೇ ಓದಿ ಹೇಳುತ್ತೇನೆ, ಹೇಗೆ ಕೇಳಿಸುತ್ತದೆ ನೋಡಿ. ಆದದ್ದು ಆಯಿತು, ಅದನ್ನೇ ಹಿಡಿದು ಜಗ್ಗುವುದು ಬೇಡ. ಹವ್ಯಾಸಿ ಹಾರ್ಪ್ ವಾದಕರ ಸಮ್ಮೇಳನದಲ್ಲಿ ಒಬ್ಬರೇ ಬಾರಿಸಲು ನಿಮ್ಮನ್ನು ಕರೆದಿದ್ದಾರೆ. ವೇದಿಕೆಯ ಹಿಂದೆ ಒಂದು ದಪ್ಪ ಪರದೆ ಇದೆ. ಅದರ ಆಚೆ ನನ್ನ ಹಾರ್ಪ್ ಇಟ್ಟುಕೊಂಡು ನಾನು ಕೂತರೆ ನಿಮಗೆ ಧೈರ್ಯ. ಶ್ರುತಿಯನ್ನೂ ಒಂದಿಷ್ಟು ನೋಡಿದ ಹಾಗಾಗುತ್ತದೆ. ಧೈರ್ಯವಂತೆ! ನೀವೇನು ಯುದ್ಧಕ್ಕೆ ಹೊರಟಿದ್ದೀರಾ? ಒಬ್ಬರೇ ಬಾರಿಸಲು ಇಬ್ಬರು ಬೇಕು ಎಂದು ನೇರವಾಗಿ ಬರೆದಿದ್ದರೆ ನಾನು ಇಷ್ಟು ಉರಿದುಕೊಳ್ಳುತ್ತಿರಲಿಲ್ಲ.

ಇನ್ನು ಮುಂದೆ ಬರೆಯುವುದೆಲ್ಲ ನಿಮಗೆ ಗೊತ್ತಿರುವುದೇ. ಆದರೆ ಗೊತ್ತಿದೆ ಎಂದು ನೀವು ಯಾವತ್ತೂ ಒಪ್ಪಿಕೊಂಡಿಲ್ಲ. ಆದ್ದರಿಂದ ಗೊತ್ತಿಲ್ಲದವರಿಗೆ ಹೇಳುವ ಹಾಗೆ ಹೇಳುತ್ತೇನೆ.

ನಾವು ಹಾರ್ಪಿಗೆ ಸೇರಿದ್ದು ಸಂಗೀತದ ಹುಚ್ಚಿನಿಂದಲ್ಲ. ನೀವು ಸಂಗೀತ ಶಾಲೆಗೆ ಹೋದದ್ದು ಗಿಟಾರ್ ಕಲಿಯಲು. ಆ ಸಾಲು ಬೀದಿಯವರೆಗೆ ಬಂದಿತ್ತು. ಹಾರ್ಪಿನ ಮೇಜಿನ ಮುಂದೆ ಒಂದು ನರಪಿಳ್ಳೆಯೂ ಇರಲಿಲ್ಲ. ಸಾಲಿನಲ್ಲಿ ನಿಲ್ಲುವ ಜಾಯಮಾನ ನಿಮ್ಮದಲ್ಲ. ‘ಇದೂ ತಂತಿ, ಅದೂ ತಂತಿ’ ಎಂದು ಹೇಳಿ ಇಬ್ಬರ ಹೆಸರನ್ನೂ ಬರೆಸಿ ಬಂದಿರಿ. ನನ್ನನ್ನು ಒಂದು ಮಾತು ಕೇಳಲಿಲ್ಲ. ಆದರೂ ನಾನು ಖುಷಿಪಟ್ಟೆ, ಅದನ್ನು ಮುಚ್ಚಿಡುವುದಿಲ್ಲ. ಹಗಲೆಲ್ಲ ನೀವು ಕನ್ನಡಕದ ಅಂಗಡಿಯಲ್ಲಿ, ನಾನು ಆಸ್ಪತ್ರೆಯ ಔಷಧದ ಕೌಂಟರಿನಲ್ಲಿ. ಸಂಜೆ ಇಬ್ಬರೂ ಆಳೆತ್ತರದ ವಾದ್ಯಗಳನ್ನು ಬಲಹೆಗಲಿಗೆ ಒರಗಿಸಿಕೊಂಡು ಕೂತರೆ, ಇಬ್ಬರು ಕುಡುಕರನ್ನು ಮನೆಗೆ ಕರೆದುಕೊಂಡು ಹೋಗುತ್ತಿರುವವರ ಹಾಗೆ ಕಾಣುತ್ತಿದ್ದೆವು. ಬೆರಳ ತುದಿಗಳಲ್ಲಿ ಬೊಬ್ಬೆ ಎದ್ದಾಗ ನೀವು ನನ್ನ ಕೈ ಹಿಡಿದು ಒಂದೊಂದೇ ಬೆರಳಿಗೆ ಊದುತ್ತಿದ್ದಿರಿ. ಆಗ ನಿಮ್ಮನ್ನು ಕಂಡರೆ ನನಗೆ ಜೀವ. ಇದನ್ನು ಬರೆಯದೆ ಬಿಟ್ಟರೆ ಮುಂದಿನದೆಲ್ಲ ಬರೀ ಜಗಳದ ಹಾಗೆ ಕಾಣುತ್ತದೆ.

ಆಮೇಲೆ ಮನೆ ಹಾರ್ಪುಗಳದ್ದಾಯಿತು. ಎರಡು ವಾದ್ಯಕ್ಕೆ ಜಾಗ ಸಾಲದೆ ಊಟದ ಮೇಜು ನಿಮ್ಮ ತಮ್ಮನ ಮನೆಗೆ ಹೋಯಿತು. ಬಂದ ನೆಂಟರೆಲ್ಲ ಚಪ್ಪಲಿ ಬಿಡುವ ಮೊದಲೇ ತಂತಿಗಳ ಮೇಲೊಮ್ಮೆ ಕೈ ಎಳೆದು ‘ಆಹಾ!’ ಎನ್ನುತ್ತಿದ್ದರು, ಅವರು ಹೋದ ಮೇಲೆ ನಾನು ಕೂತು ಶ್ರುತಿ ಸರಿಮಾಡುತ್ತಿದ್ದೆ. ಕಾರು ಕೊಳ್ಳುವಾಗ ನೀವು ಅಳತೆಪಟ್ಟಿ ತೆಗೆದುಕೊಂಡು ಹೋದಿರಿ. ಹಾರ್ಪ್ ಮಲಗಿಸಿದರೆ ಅದರಲ್ಲಿ ಉಳಿಯುವುದು ಓಡಿಸುವವರ ಸೀಟೊಂದೇ. ಶನಿವಾರಗಳಂದು ಅಭ್ಯಾಸಕ್ಕೆ ಹೊರಟರೆ ಮೊದಲ ಸಲ ನಿಮ್ಮ ಹಾರ್ಪ್ ಕಾರಿನಲ್ಲಿ, ಎರಡನೇ ಸಲ ನನ್ನ ಹಾರ್ಪ್ ಕಾರಿನಲ್ಲಿ, ನಾನು ಬಸ್ಸಿನಲ್ಲಿ. ಮಳೆ ಬಂದ ದಿನ ನಾನು ಒದ್ದೆಯಾಗಿ ಬಂದರೆ ನೀವು ಮೊದಲು ಕೇಳುತ್ತಿದ್ದದ್ದು ಹಾರ್ಪಿನ ಹೊದಿಕೆ ಒಣಗಿದೆಯಾ ಎಂದು.

ಆ ಶನಿವಾರಗಳು! ಟೈರ್ ಅಂಗಡಿಯ ಮೇಲೆ ನಮ್ಮ ಹಾರ್ಪ್ ತಂಡ ಅಭ್ಯಾಸ ಮಾಡುತ್ತಿದ್ದ ಹಾಲ್. ಮೆಟ್ಟಿಲಿನ ತಿರುವಿನಲ್ಲಿ ವಾದ್ಯ ಎತ್ತುವಾಗ ತಗುಲಿ, ತಂಡದ ಪ್ರತಿಯೊಬ್ಬರ ಮೊಣಕಾಲ ಕೆಳಗೂ ಒಂದೇ ಜಾಗದಲ್ಲಿ ಒಂದೇ ಬಣ್ಣದ ಕಲೆ. ಹಲ್ಲಿನ ಡಾಕ್ಟರು, ಟೈಲರಮ್ಮ, ನಿವೃತ್ತ ಬಸ್ ಡ್ರೈವರು, ನಾವಿಬ್ಬರು, ಒಟ್ಟು ಐದು ಹಾರ್ಪು. ನಮ್ಮ ಮೇಲೊಬ್ಬ ಮಾಸ್ತರು. ಒಂದು ಕಾಲದಲ್ಲಿ ದೊಡ್ಡ ವಾದ್ಯವೃಂದದ ಹಿಂದಿನ ಸಾಲಿನಲ್ಲಿ ಕೂತು, ಹೆಚ್ಚಾಗಿ ತಮ್ಮ ಸರದಿ ಕಾಯುತ್ತಲೇ ವಯಸ್ಸಾದವರು. ಐದೂ ಜನ ಒಟ್ಟಿಗೆ ಶ್ರುತಿ ಮಾಡಲು ಕೂತರೆ ಯಾರ ತಂತಿ ಯಾರಿಗೆ ಕೇಳುತ್ತಿದೆ ಎಂದು ದೇವರಿಗೂ ತಿಳಿಯುತ್ತಿರಲಿಲ್ಲ. ಕಡೆಯವರದು ಮುಗಿಯುವಷ್ಟರಲ್ಲಿ ಮೊದಲಿನವರದು ಇಳಿದಿರುತ್ತಿತ್ತು. ಟೈಲರಮ್ಮನಿಗೆ ಸೆಕೆ, ಕಿಟಕಿ ತೆಗೆಯುತ್ತಿದ್ದರು. ಗಾಳಿ ಬಂದರೆ ಶ್ರುತಿ ಹೋಗುತ್ತದೆ ಎಂದು ಹಲ್ಲಿನ ಡಾಕ್ಟರು ಮುಚ್ಚುತ್ತಿದ್ದರು. ಆ ಕಿಟಕಿಯ ದೆಸೆಯಿಂದ ಅವರಿಬ್ಬರೂ ಒಂದು ಇಡೀ ಚಳಿಗಾಲ ಮಾತು ಬಿಟ್ಟಿದ್ದರು. ತಂತಿ ಫಟ್ಟೆಂದು ಹರಿದಾಗಲೆಲ್ಲ ಡ್ರೈವರು ಕುರ್ಚಿಯಿಂದ ಅರ್ಧ ಎದ್ದು ‘ಪಂಕ್ಚರ್!’ ಎಂದು ಕೂಗುತ್ತಿದ್ದರು. ಕೆಳಗಿನ ಅಂಗಡಿಯವನು ಒಮ್ಮೆ ಜಾಕ್ ಹಿಡಿದು ಮೇಲೆ ಓಡಿಬಂದಿದ್ದ, ನೆನಪಿದೆಯಾ? ಆ ದಿನ ಮಾಸ್ತರೂ ನಕ್ಕಿದ್ದರು.

ನಮ್ಮ ತಂಡ ನಿಂತಿದ್ದೇ ಮಾಸ್ತರ ಒಂದು ನಿಯಮದ ಮೇಲೆ. ‘ಬರ್ದೇ ಇರೋ ಕಡೆ ತಂತಿ ಮುಟ್ಬೇಡಿ. ಆದ್ರೆ ಕೈ ನಿಲ್ಲಿಸ್ಬೇಡಿ’ ಎನ್ನುತ್ತಿದ್ದರು. ಕಷ್ಟದ ಜಾಗ ಬಂದಾಗ ತಂತಿಗೆ ಕೂದಲೆಳೆಯಷ್ಟು ದೂರದಲ್ಲಿ ಬೆರಳಾಡಿಸುತ್ತಾ ಇದ್ದರೆ, ನಾದ ಐದು ಹಾರ್ಪುಗಳಲ್ಲಿ ಯಾವುದರಿಂದ ಬರುತ್ತಿದೆ ಎಂದು ಕೂತವರಿಗೆ ಗೊತ್ತಾಗುವುದಿಲ್ಲ. ಡ್ರೈವರು ಇದಕ್ಕೆ ‘ನ್ಯೂಟ್ರಲ್’ ಎಂದು ಹೆಸರಿಟ್ಟರು. ಇಂಜಿನ್ ಓಡುತ್ತಿದೆ, ಗಾಡಿ ಹೋಗುತ್ತಿಲ್ಲ. ಯಾರು ಎಲ್ಲೆಲ್ಲಿ ನ್ಯೂಟ್ರಲ್ಲಿಗೆ ಬೀಳುತ್ತಾರೆ ಎಂದು ಯಾರೂ ಯಾರನ್ನೂ ಕೇಳುತ್ತಿರಲಿಲ್ಲ. ಅದೊಂದು ಮರ್ಯಾದೆ. ವೇಗದ ಭಾಗದಲ್ಲಿ ತಾನು ಬಿಟ್ಟರೂ ಉಳಿದ ನಾಲ್ವರು ಬಾರಿಸುತ್ತಿದ್ದಾರೆ ಎಂದು ಪ್ರತಿಯೊಬ್ಬರೂ ನಂಬಿದ್ದರು.

ಬಾರಿಸುತ್ತಿದ್ದವಳು ನಾನೊಬ್ಬಳೇ. ಅದು ನಿಮಗೊಬ್ಬರಿಗೇ ಗೊತ್ತಿತ್ತು.

ಶುರುವಾದದ್ದು ನಿಮ್ಮ ಅಂಗಡಿಯ ಡ್ರಾಯರಿನಿಂದ. ಬೆರಳು ಸಿಕ್ಕಿಕೊಂಡು ಉಗುರು ಕಪ್ಪಾಗಿತ್ತು. ಮುಂದಾಳು ನೀವು, ಮೇಲಿನ ರಾಗವೆಲ್ಲ ನಿಮ್ಮದು. ‘ಈ ಒಂದ್ವಾರ ನನ್ನ ಭಾಗ ನೀನೇ ನೋಡ್ಕೋ’ ಎಂದಿರಿ. ನೋಡಿಕೊಂಡೆ. ಬ್ಯಾಂಡೇಜು ಬಿಚ್ಚಿತು, ಹೊಸ ಉಗುರು ಬಂತು, ನಿಮ್ಮ ಭಾಗ ಮಾತ್ರ ನಿಮ್ಮ ಹತ್ತಿರ ವಾಪಸ್ಸು ಬರಲಿಲ್ಲ. ನಾನು ಕೊಡಲು ಬಂದಾಗಲೆಲ್ಲ ನಿಮಗೆ ಅಂಗಡಿಯಲ್ಲಿ ಕೆಲಸ ಹೆಚ್ಚು, ಅಭ್ಯಾಸಕ್ಕೆ ಪುರುಸೊತ್ತಿಲ್ಲ, ಮುಂದಿನ ತಿಂಗಳು ನೋಡೋಣ. ನಿಧಾನದ ಕಡೆ ನೀವು ಬಾರಿಸುತ್ತಿದ್ದಿರಿ, ಚೆನ್ನಾಗಿಯೇ. ಬೆರಳು ಓಡಬೇಕಾದ ಕಡೆ ಕಣ್ಣು ಮುಚ್ಚಿ ತಲೆ ತೂಗುತ್ತಾ ನ್ಯೂಟ್ರಲ್ಲಿನಲ್ಲಿ ಇರುತ್ತಿದ್ದಿರಿ. ಆ ತಲೆ ತೂಗುವುದನ್ನು ನೋಡಲಿಕ್ಕೆಂದೇ ಜನ ಬರುತ್ತಿದ್ದರು.

ನನ್ನ ಸ್ವಂತ ಭಾಗ ಏನಾಯಿತು ಎಂದು ಯಾವತ್ತಾದರೂ ಯೋಚಿಸಿದ್ದೀರಾ? ನಿಮ್ಮದನ್ನು ಬಾರಿಸುವವಳು ನನ್ನದನ್ನು ಬಾರಿಸುವುದು ಹೇಗೆ? ಅದನ್ನು ಬಿಟ್ಟೇಬಿಟ್ಟೆ. ಅಲ್ಲಿಂದ ಇಲ್ಲಿಯವರೆಗೆ ಅದನ್ನು ಯಾರೂ ಬಾರಿಸಿಲ್ಲ. ಅದು ಇಲ್ಲ ಎಂದು ಯಾರಿಗೂ ಅನ್ನಿಸಿಯೂ ಇಲ್ಲ. ಎಷ್ಟೋ ಸಲ ಹಲ್ಲು ಕಚ್ಚಿಕೊಂಡದ್ದು ನಿಮ್ಮ ಹೊಗಳಿಕೆ ಕೇಳಿ ಅಲ್ಲ, ಇದನ್ನು ನೆನೆದು.

ಮಾಸ್ತರಿಗೆ ಗೊತ್ತಾಗಿತ್ತು ಎಂದೇ ನನ್ನ ಅನುಮಾನ. ಒಂದು ದಿನ ಬಂದು, ‘ನೀವು ಒಂಚೂರು ಹಿಂದಕ್ ಕೂತ್ಕೊಳಿ’ ಎಂದು ನನ್ನ ಹಾರ್ಪನ್ನು ನಿಮ್ಮದರ ಹಿಂದಕ್ಕೆ ಸರಿಸಿದರು. ನಾದ ನಿಮ್ಮ ಕಡೆಯಿಂದಲೇ ಬಂದ ಹಾಗಿರಲಿ ಎಂದು. ಅವರು ನನ್ನ ಮುಖ ನೋಡಲಿಲ್ಲ. ನೀವು ‘ಹೌದು ಹೌದು, ಹಾಗೇ ಚೆನ್ನ’ ಎಂದಿರಿ. ನಾನು ಸರಿದು ಕೂತೆ. ಗಂಡ ಗೆದ್ದರೆ ನಾನೂ ಗೆದ್ದ ಹಾಗೆ ಎಂದು ಆಗ ನನಗೆ ನಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದೆ. ಹೇಳಿಕೊಂಡು ಹೇಳಿಕೊಂಡು ಅದು ನಿಜವೆಂದೇ ಅನ್ನಿಸಿಬಿಟ್ಟಿತ್ತು.

ಈಗ ಗ್ರಂಥಾಲಯದ ಹೊಸ ಕಟ್ಟಡದ ಉದ್ಘಾಟನೆಯ ದಿನಕ್ಕೆ ಬರುತ್ತೇನೆ. ಬೆಳಿಗ್ಗೆ ಬಾಗಿಲಲ್ಲಿ ಪತ್ರಿಕೆಯ ಹುಡುಗಿ ನಿಮ್ಮನ್ನು ಮಾತಾಡಿಸುತ್ತಿದ್ದಳು. ನನ್ನ ಕಡೆ ತಿರುಗಿ, ಇವರೂ ಬಾರಿಸ್ತಾರಾ ಎಂದು ಕೇಳಿದಳು. ನೀವು ನಕ್ಕು, ‘ನಮ್ಮನೆಯವ್ರು. ಜೊತೆಗಿರ್ಲಿ ಅಂತ ಬರ್ತಾರೆ’ ಎಂದಿರಿ. ನಾನು ನಿಮ್ಮ ಹಾರ್ಪಿನ ಮುಂದೆ ಮಂಡಿಯೂರಿ ಶ್ರುತಿ ಮಾಡುತ್ತಿದ್ದೆ. ಕೈಯಲ್ಲಿ ಶ್ರುತಿ ಕೀಲಿ ಇತ್ತು. ಅದನ್ನು ಎಲ್ಲಿಗೆ ಎಸೆಯಬೇಕೆನ್ನಿಸಿತು ಎಂದು ಬರೆಯುವುದಿಲ್ಲ.

ಮಧ್ಯಾಹ್ನ ಬಾರಿಸಲು ಕೂತೆವು. ನಿಧಾನದ ಭಾಗ ಸಾಂಗವಾಗಿ ಮುಗಿಯಿತು. ವೇಗದ ಭಾಗ ಬಂತು. ಮಾಸ್ತರ ಕೈ ಮೇಲಕ್ಕೆ ಹೋಯಿತು, ಐದು ಜನರ ಕೈಗಳೂ ಓಡಿದವು, ನಾದವೇ ಇಲ್ಲ. ಹತ್ತು ಕೈಗಳು ಎಷ್ಟು ಅಂದವಾಗಿ ಆಡುತ್ತಿದ್ದವು! ಟೈಲರಮ್ಮನ ಮಣಿಕಟ್ಟು ತಿರುಗುತ್ತಿತ್ತು, ಡಾಕ್ಟರು ತುಟಿ ಕಚ್ಚಿ ಏಕಾಗ್ರತೆಯಿಂದ ಗಾಳಿ ಮೀಟುತ್ತಿದ್ದರು, ಡ್ರೈವರು ತುಳಿಯುತ್ತಿದ್ದ ಹಾರ್ಪಿನ ಬುಡದ ಪೆಡಲಿನ ಟಕ್ ಟಕ್ ಒಂದೇ ಇಡೀ ಸಭಾಂಗಣಕ್ಕೆ ಕೇಳಿಸುತ್ತಿತ್ತು. ಒಬ್ಬೊಬ್ಬರೂ ಕಣ್ಣಂಚಿನಿಂದ ಪಕ್ಕದವರನ್ನು ನೋಡಿದರು. ಯಾರಿಗೂ ಕೈ ನಿಲ್ಲಿಸುವ ಧೈರ್ಯವಿಲ್ಲ, ತಂತಿ ಮುಟ್ಟುವ ಧೈರ್ಯ ಮೊದಲೇ ಇಲ್ಲ. ನೀವು ಕಣ್ಣು ತೆರೆದು ನನ್ನ ಕಡೆ ತಿರುಗಿದಿರಿ. ಆ ನೋಟ ನನಗೆ ಚೆನ್ನಾಗಿ ನೆನಪಿದೆ. ಅಂಗಡಿಯಲ್ಲಿ ದೀಪ ಹೋದರೆ ಬೀದಿಗೆ ಬಂದು ವಿದ್ಯುತ್ ಕಂಬವನ್ನು ನೋಡುತ್ತೀರಲ್ಲ, ಹಾಗೆ. ಆಮೇಲೆ ಕೊನೆಯ ದೊಡ್ಡ ಮೀಟು ಬಂತು. ಅದು ಎಲ್ಲರಿಗೂ ಬರುತ್ತದೆ, ಐದೂ ಜನ ಬಡಿದದ್ದಕ್ಕೆ ಕಿಟಕಿಯ ಗಾಜು ನಡುಗಿತು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಮಾರನೇ ದಿನದ ಪತ್ರಿಕೆಯಲ್ಲಿ ‘ನಡುವಿನ ಆ ದೀರ್ಘ ಮೌನ ಮನಸ್ಸನ್ನು ಕಲಕಿತು’ ಎಂದು ಬಂತು. ಸಮ್ಮೇಳನದವರು ನಿಮ್ಮನ್ನು ಕರೆದಿರುವುದೂ ಆ ಮೌನಕ್ಕೇ ಅಲ್ಲವೇ? ಅದನ್ನು ಬಾರಿಸಲು ನಾನು ಯಾಕೆ ಬೇಕು, ಅದು ನಿಮಗೆ ಬಾಯಿಪಾಠ.

ಆದರೆ ಅಷ್ಟಕ್ಕೇ ನಾನು ಮನೆ ಬಿಟ್ಟು ಬಂದವಳಲ್ಲ. ವೇದಿಕೆಯ ಹಿಂದಿನ ಕೋಣೆಯಲ್ಲಿ ಎಲ್ಲರೂ ಬಿಳಿಚಿಕೊಂಡು ನಿಂತಿದ್ದರು. ‘ನೀವು ಬಾರಿಸ್ತಿದ್ದೀರಿ ಅನ್ಕೊಂಡೆ’, ‘ಅಯ್ಯೋ, ನಾನು ನೀವು ಅನ್ಕೊಂಡೆ’ ಎಂದು ಒಬ್ಬರಿಗೊಬ್ಬರು ಹೇಳಿಕೊಂಡರು. ನಿಜ ಅಲ್ಲೇ ಹೊರಬೀಳಬೇಕಿತ್ತು. ಅಷ್ಟರಲ್ಲಿ ನೀವು ನನ್ನ ಹೆಗಲ ಮೇಲೆ ಕೈಯಿಟ್ಟು, ಎಂಥ ಮೆತ್ತಗಿನ ದನಿಯಲ್ಲಿ ಹೇಳಿದಿರಿ: ‘ಇವಳಿಗೆ ಮಧ್ಯದಲ್ಲಿ ತಪ್ಪೋಯ್ತು. ಒಬ್ಳಿಗೇ ಅವಮಾನ ಆಗ್ಬಾರ್ದಲ್ಲ, ಅದಕ್ಕೆ ನಾನೂ ನಿಲ್ಲಿಸ್ಬಿಟ್ಟೆ.’ ಟೈಲರಮ್ಮ ಕಣ್ಣೊರೆಸಿಕೊಂಡರು. ಇಂಥ ಗಂಡ ಸಿಗಬೇಕಾದರೆ ಪುಣ್ಯ ಮಾಡಿರಬೇಕು ಎಂದು ನನ್ನ ಕೆನ್ನೆ ಸವರಿದರು. ಡ್ರೈವರು ನಿಮ್ಮ ಕೈ ಕುಲುಕಿದರು. ಮಾಸ್ತರು ಗೋಡೆ ನೋಡುತ್ತಿದ್ದರು. ಅಲ್ಲಿಯವರೆಗೆ ನೀವು ನನ್ನ ಬಾರಿಸುವಿಕೆಯನ್ನು ಮಾತ್ರ ನಿಮ್ಮದು ಮಾಡಿಕೊಂಡಿದ್ದಿರಿ. ಆ ದಿನ ನಾನು ಬಾರಿಸದೇ ಇದ್ದದ್ದನ್ನೂ ನಿಮ್ಮದೇ ಮಾಡಿಕೊಂಡಿರಿ.

ನಾನು ಹೊಟ್ಟೆಕಿಚ್ಚಿಗೆ ಬೇಕೆಂದೇ ಹಾಗೆ ಮಾಡಿದೆ ಎಂದು ನೀವು ಈಗ ಬರೆದಿದ್ದೀರಿ. ‘ಕ್ಷಮಿಸಿದ್ದೇನೆ’ ಎಂದೂ ಬರೆದಿದ್ದೀರಿ. ಹೌದು, ಬೇಕೆಂದೇ ಮಾಡಿದೆ. ಬೆಳಿಗ್ಗೆ ಆ ಹುಡುಗಿಯ ಎದುರು ನೀವಾಡಿದ ಮಾತಿಗೆ ಮಧ್ಯಾಹ್ನ ಉತ್ತರ ಕೊಟ್ಟೆ. ಜೊತೆಗಿರಲಿ ಅಂತ ಬರುವವಳು ಜೊತೆಗಿದ್ದಳು, ಅಷ್ಟೇ. ನಿಮ್ಮ ಕ್ಷಮೆಯನ್ನು ಹಾರ್ಪಿನ ಹೊದಿಕೆಯೊಳಗೆ ಮಡಚಿಟ್ಟುಕೊಳ್ಳಿ, ಚಳಿಗಾಲಕ್ಕೆ ಬೆಚ್ಚಗಿರುತ್ತದೆ.

ಪರದೆಯ ಹಿಂದೆ ನಾನು ಬರುವುದಿಲ್ಲ. ಮುಂದೆಯೂ ಬರುವುದಿಲ್ಲ. ಸಮ್ಮೇಳನದವರಿಗೆ ಜ್ವರ ಎಂದು ಹೇಳುತ್ತೀರೋ, ಉಗುರು ಕಪ್ಪಾಗಿದೆ ಎನ್ನುತ್ತೀರೋ, ಅದು ನಿಮಗೆ ಬಿಟ್ಟದ್ದು. ಅಥವಾ ಇನ್ನೂ ಮೂರು ವಾರ ಇದೆ, ಅಂಗಡಿ ಬೇಗ ಮುಚ್ಚಿ, ಕೂತು ಕಲಿಯಿರಿ. ಮೊದಲು ಬಲಗೈ ಮಾತ್ರ, ಆಮೇಲೆ ಎಡಗೈ, ಆಮೇಲೆ ಎರಡೂ. ಹೆಬ್ಬೆರಳು ಮೇಲಕ್ಕಿರಲಿ. ಹೆಗಲು ಬಿಗಿಹಿಡಿಯಬೇಡಿ, ನೀವು ಹಿಡಿಯುತ್ತೀರಿ. ನೋಡಿ, ಬೈಯಲು ಕೂತವಳು ಪಾಠ ಹೇಳುತ್ತಿದ್ದೇನೆ. ನನಗೆ ಬುದ್ಧಿ ಬರುವುದಿಲ್ಲ.

ನನ್ನ ಹಾರ್ಪನ್ನು ಮಾರಿಬಿಡಿ, ಇಲ್ಲವೇ ಯಾರಿಗಾದರೂ ಕೊಟ್ಟುಬಿಡಿ. ಕೊಡುವ ಮುನ್ನ ಕೆಳಗಿನ ದಪ್ಪ ತಂತಿಗಳನ್ನು ಸಡಿಲ ಮಾಡಿಸಿ. ಹಾಗೆಯೇ ಬಿಗಿಯಾಗಿ ಬಹಳ ಕಾಲ ಬಿಟ್ಟರೆ ಮರ ಸೀಳುತ್ತದೆ. ಮೂಲೆ ಖಾಲಿಯಾದರೆ ನಿಮ್ಮ ತಮ್ಮನ ಮನೆಯಿಂದ ಊಟದ ಮೇಜು ವಾಪಸ್ಸು ತರಿಸಿಕೊಳ್ಳಿ. ತೊಡೆಯ ಮೇಲೆ ತಟ್ಟೆ ಇಟ್ಟುಕೊಂಡು ಒಬ್ಬರೇ ಉಣ್ಣುವುದು ನೋಡಲು ಚೆನ್ನಾಗಿರುವುದಿಲ್ಲ.

ಇಂತಿ,
ಸದ್ಯಕ್ಕೆ ತಂಗಿಯ ಮನೆಯವಳು

ತಾ.ಕ.: ಭಾನುವಾರ ಶುರುಮಾಡಿದ ಕಾಗದ, ಇವತ್ತು ಗುರುವಾರ. ಅಕ್ಷರ ಕಾಗೆಕಾಲು ಗುಬ್ಬಿಕಾಲು ಆಗಿದೆ ಎಂದು ನೀವು ಬೈದುಕೊಂಡೇ ಇಲ್ಲಿಯವರೆಗೆ ಓದಿರುತ್ತೀರಿ. ಎಡಗೈಯಲ್ಲಿ ಬರೆದದ್ದು. ಬೇಕೆಂದೇ ಮಾಡಿದೆ ಎಂದು ಮೇಲೆ ಬರೆದದ್ದು ಸುಳ್ಳು. ಬಲಗೈಯ ಎರಡು ಬೆರಳು ಬೇಸಿಗೆಯಿಂದಲೇ ಸೋಲುತ್ತಿದ್ದವು, ಎಡಗೈಗೆ ಹೊರೆಸಿ ಹೇಗೋ ತೂಗಿಸಿಕೊಂಡು ಬಂದೆ. ಆ ದಿನ ವೇದಿಕೆಯ ಮೇಲೆ ಅವು ಮಡಚಿಕೊಂಡವು, ಆಮೇಲೆ ಬಿಚ್ಚಲೇ ಇಲ್ಲ. ನರ ಸತ್ತಿದೆ, ಇನ್ನು ತಂತಿಯ ಆಸೆ ಬಿಡಿ ಎಂದು ನಮ್ಮ ಆಸ್ಪತ್ರೆಯ ಡಾಕ್ಟರು ಹೇಳಿದ್ದಾರೆ. ನನ್ನ ಕೈಯಿಂದ ಮಾತ್ರೆ ಜಾರುವುದು ಪಕ್ಕದ ಕೌಂಟರಿನವಳಿಗೆ ಮೊದಲ ವಾರವೇ ಕಂಡಿತ್ತು. ನೀವು ದಿನವೂ ನನ್ನ ಎದುರು ಕೂತು ಉಂಡಿರಿ, ನಾನು ಚಮಚ ಎಡಗೈಗೆ ಬದಲಾಯಿಸಿದ್ದು ನಿಮಗೆ ಕಾಣಲಿಲ್ಲ. ಸಿಟ್ಟಿಗೆ ನಿಲ್ಲಿಸಿದೆ ಎಂದು ನೀವು ನಂಬಿಕೊಂಡಿದ್ದರೆ ನನಗೊಂದು ಮರ್ಯಾದೆ ಉಳಿಯುತ್ತಿತ್ತು, ಹಾಗೆಂದೇ ಸುಳ್ಳು ಬರೆದೆ. ಆದರೆ ಇದನ್ನು ಹೇಳದೆ ಲಕೋಟೆ ಮುಚ್ಚಲು ಆಗಲಿಲ್ಲ. ಕೈ ನೆಟ್ಟಗಿದ್ದಿದ್ದರೆ ನಿಮ್ಮ ಕಾಗದ ಬಂದ ದಿನವೇ ಬಸ್ಸು ಹತ್ತಿ ಬಂದು ಆ ಪರದೆಯ ಹಿಂದೆ ಕೂತುಬಿಡುತ್ತಿದ್ದೆ ರೀ.